ಲೇಬರ್ ಕ್ಯಾಂಪಿನ ಮಕ್ಕಳನ್ನು ಅಂಗನವಾಡಿಗೆ ಕರೆದೊಯ್ಯುವ ಖರ್ಚು: ಅನುಭವ ಉಳ್ಳವರು ದಯವಿಟ್ಟು ತಿಳಿಸಿ

ಕೇಳಿದವರು: ವಾಘೋಲಿ, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕಟ್ಟಡ ಕೆಲಸಗಾರರ ಮಕ್ಕಳಿಗಾಗಿ ದುಡಿಯುವ ಸಣ್ಣ ಟ್ರಸ್ಟ್. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕುಟುಂಬಗಳ, 3ರಿಂದ 6 ವರ್ಷದೊಳಗಿನ 22 ಮಕ್ಕಳು ಒಂದೇ ಕ್ಯಾಂಪಿನಲ್ಲಿದ್ದಾರೆ. ಸರ್ಕಾರಿ ಅಂಗನವಾಡಿ ಮೂರು ಕಿಲೋಮೀಟರ್ ದೂರದಲ್ಲಿದೆ, ನಡುವೆ ಹೆದ್ದಾರಿ ಹಾದುಹೋಗುತ್ತದೆ. ಮಕ್ಕಳ ಹೆಸರು ದಾಖಲಿಸಿಕೊಳ್ಳಲು ಅಲ್ಲಿಯವರು ಒಪ್ಪಿದ್ದಾರೆ, ಆದರೆ ವಾಹನಕ್ಕೆ ಅವರಲ್ಲಿ ಹಣವಿಲ್ಲ. ದಾನಿಯೊಬ್ಬರು ತಮ್ಮ ಹಳೆಯ ವ್ಯಾನನ್ನು ಕೊಡುವುದಾಗಿ ಹೇಳಿದ್ದಾರೆ. ಅದನ್ನು ತೆಗೆದುಕೊಳ್ಳಬೇಕೆ? ತಿಂಗಳ ಖರ್ಚನ್ನು ಯಾವ ಅನುದಾನದಿಂದ, ಯಾವ ಲೆಕ್ಕದಲ್ಲಿ ಹೊಂದಿಸಬೇಕು?

ಉತ್ತರ: ಮುಲುಂಡ್, ಮುಂಬಯಿ

ಅಕ್ಕನವರೇ, ಹದಿನಾಲ್ಕು ವರ್ಷ ಒಂದು ಬಾಲವಾಡಿ ಸಂಸ್ಥೆಯ ಜಮಾ-ಖರ್ಚು ಬರೆದವನಾಗಿ ಹೇಳುತ್ತಿದ್ದೇನೆ. ವ್ಯಾನಿಗೆ ಈಗಲೇ ಒಪ್ಪಿಗೆ ಕೊಡಬೇಡಿ. ನಮಗೂ ಒಮ್ಮೆ ಹಾಗೆಯೇ ಒಂದು ಗಾಡಿ ದಾನವಾಗಿ ಬಂದಿತ್ತು. ಡ್ರೈವರ್ ಸಂಬಳ, ವಿಮೆ, ಟೈರು, ವಾರ್ಷಿಕ ಫಿಟ್‌ನೆಸ್ ತಪಾಸಣೆ ಇವುಗಳಿಗೆ ಯಾರೂ ಹಣ ಕೊಡಲಿಲ್ಲ. ಏಳು ತಿಂಗಳ ನಂತರ ಗಾಡಿ ಅಂಗಳದಲ್ಲಿ ನಿಂತಿತು, ಮಕ್ಕಳು ಕ್ಯಾಂಪಿನಲ್ಲೇ ಉಳಿದರು. ಆ ಮಕ್ಕಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಅಲ್ಲದೆ ಖಾಸಗಿ ನೋಂದಣಿಯ ವಾಹನದಲ್ಲಿ ಶಾಲಾಮಕ್ಕಳನ್ನು ಕರೆದೊಯ್ಯುವಾಗ ಅಪಘಾತವಾದರೆ ವಿಮೆಯ ಹಣ ಕೈಗೆ ಬರುವುದು ಕಷ್ಟ. ಮಹಾರಾಷ್ಟ್ರದಲ್ಲಿ ಶಾಲಾ ಬಸ್ಸುಗಳಿಗೆಂದೇ 2011ರ ನಿಯಮಗಳಿವೆ. ಪರವಾನಗಿ, ಬಣ್ಣ, ಮಕ್ಕಳ ಜೊತೆಗೆ ಇರಬೇಕಾದ ಸಹಾಯಕರು ಎಲ್ಲವನ್ನೂ ಅವು ಹೇಳುತ್ತವೆ. ಪರವಾನಗಿ ಇರುವ ಗಾಡಿಯನ್ನು ತಿಂಗಳ ಬಾಡಿಗೆಗೆ ಹಿಡಿಯುವುದೇ ಮೇಲು.

ಅನುದಾನದ ವಿಷಯಕ್ಕೆ ಬರುತ್ತೇನೆ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗಿನಿಂದ ಕೇಂದ್ರವು ಮಕ್ಕಳ ಮನೆಯ ಹತ್ತಿರದಲ್ಲೇ ಇರುತ್ತದೆ ಎಂಬ ಲೆಕ್ಕದ ಮೇಲೆ ನಡೆದಿದೆ. ಹಾಗಾಗಿ ಮಕ್ಕಳನ್ನು ಕರೆತರುವ ವೆಚ್ಚವನ್ನು ಅದರ ಆಯವ್ಯಯದಲ್ಲಿ ಹುಡುಕಿದರೆ ಸಿಗುವುದಿಲ್ಲ. ಶಾಲಾ ಶಿಕ್ಷಣಕ್ಕಾಗಿ ಇರುವ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ದೂರದ ಮಕ್ಕಳಿಗೆ ವಾಹನ ಅಥವಾ ಬೆಂಗಾವಲಿಗಾಗಿ ವರ್ಷಕ್ಕೆ 6,000 ರೂಪಾಯಿವರೆಗೆ ಕೊಡಲು ಅವಕಾಶವಿದೆ, ಆದರೆ ಅದು ಒಂದನೇ ತರಗತಿಯಿಂದ ಮೇಲಿನ ಮಕ್ಕಳಿಗೆ. ಅದನ್ನು ನಿಮ್ಮ ವೆಚ್ಚದ ಪಕ್ಕದಲ್ಲಿಟ್ಟು ನೋಡಿ. ಗಾಡಿ ಬಾಡಿಗೆ 25,000, ಜೊತೆಗಿರುವ ಸಹಾಯಕಿಗೆ 8,000 ಎಂದು ಹಿಡಿದರೆ ತಿಂಗಳಿಗೆ 33,000 ಆಗುತ್ತದೆ. 22 ಮಕ್ಕಳಿಗೆ ಹಂಚಿದರೆ ಮಗುವಿಗೆ 1,500, ಹನ್ನೊಂದು ತಿಂಗಳಿಗೆ 16,500. ಹಾಗಾಗಿ ಈ ಖರ್ಚಿಗೆ ದಾನಿಗಳನ್ನೇ ಕೇಳಬೇಕಾಗುತ್ತದೆ.

ಇನ್ನೂ ಒಂದು ಮಾತಿದೆ, ಅದನ್ನು ಕಾರ್ಪೊರೇಟ್ ದಾನಿಗಳು ಸುಲಭವಾಗಿ ಒಪ್ಪುವುದಿಲ್ಲ. ನಮ್ಮ ಜನ ಯುಗಾದಿಗೆ, ಊರ ಜಾತ್ರೆಗೆ, ಮುಂಗಾರು ಬಿತ್ತನೆಗೆ ಊರಿಗೆ ಹೋಗುತ್ತಾರೆ, ಕೆಲವರು ಬೇರೆ ಸೈಟಿಗೆ ಹೋಗುತ್ತಾರೆ. ಮಕ್ಕಳು 22ರಿಂದ 14ಕ್ಕೆ ಇಳಿದ ತಿಂಗಳಲ್ಲಿ ಅದೇ 33,000 ರೂಪಾಯಿ ಮಗುವಿಗೆ ಸುಮಾರು 2,357 ಆಗುತ್ತದೆ. ‘ಪ್ರತಿ ಮಗುವಿಗೆ ಇಷ್ಟು’ ಎಂದು ಅನುದಾನ ಕೇಳಿದ ಸಂಸ್ಥೆ ಆ ತಿಂಗಳು ಸಾಲ ಮಾಡಬೇಕಾಗುತ್ತದೆ. ಆದ್ದರಿಂದ ಅರ್ಜಿಯಲ್ಲಿ ‘ಈ ಮಾರ್ಗದಲ್ಲಿ ವರ್ಷಕ್ಕೆ ಇಷ್ಟು ದಿನ, ದಿನಕ್ಕೆ ಎರಡು ಸುತ್ತು’ ಎಂದು ಮಾರ್ಗದ ಲೆಕ್ಕವನ್ನೇ ಕೊಡಿ, ಹಾಜರಾತಿಯನ್ನು ಪ್ರತ್ಯೇಕ ವರದಿಯಾಗಿ ಸಲ್ಲಿಸಿ.

ಅಂಗನವಾಡಿಯ ಹೊತ್ತು ನಾಲ್ಕೈದು ಗಂಟೆ ಮಾತ್ರ, ಉಳಿದ ಸಮಯ ಗಾಡಿ ಖಾಲಿ ಇರುತ್ತದೆ. ಅದೇ ಕ್ಯಾಂಪಿನ ದೊಡ್ಡ ಮಕ್ಕಳನ್ನು ಪ್ರಾಥಮಿಕ ಶಾಲೆಗೆ ಬಿಡಲು ಬಳಸಿದರೆ ವೆಚ್ಚ ಹಂಚಿಹೋಗುತ್ತದೆ. ದಿನಕ್ಕೆ 40 ಕಿಲೋಮೀಟರ್ ಓಡುವ ಗಾಡಿ ಚಿಕ್ಕ ಮಕ್ಕಳಿಗಾಗಿ 24 ಮತ್ತು ದೊಡ್ಡವರಿಗಾಗಿ 16 ಕಿಲೋಮೀಟರ್ ಓಡಿದರೆ ಬಿಲ್ಲನ್ನು 60-40ರಂತೆ ಎರಡು ಖಾತೆಗೆ ಹಾಕಿ. ಈ ಹಂಚಿಕೆಯ ಆಧಾರವನ್ನು ವರ್ಷದ ಆರಂಭದಲ್ಲೇ ಠರಾವಿನಲ್ಲಿ ಬರೆದಿಡಿ, ಲಾಗ್‌ಬುಕ್ಕಿನಲ್ಲಿ ದಿನವೂ ಮೀಟರ್ ಅಂಕಿ ಬರೆಸಿ. ಒಂದೇ ಬಿಲ್ಲನ್ನು ಇಬ್ಬರು ದಾನಿಗಳ ಕಡತದಲ್ಲಿ ಪೂರ್ತಿಯಾಗಿ ತೋರಿಸುವುದು ಎಷ್ಟೇ ಸದುದ್ದೇಶದಿಂದ ಆದರೂ ತಪ್ಪು. ಲೆಕ್ಕಪರಿಶೋಧಕರು ಮೊದಲು ಹಿಡಿಯುವುದೂ ಅದನ್ನೇ.

ತೆರಿಗೆಯ ವಿಷಯ ಚಿಕ್ಕದು. ಪೂರ್ವ ಪ್ರಾಥಮಿಕದಿಂದ ಹನ್ನೆರಡನೇ ತರಗತಿವರೆಗಿನ ಶಿಕ್ಷಣ ಸಂಸ್ಥೆಗೆ ಮಕ್ಕಳನ್ನು ಕರೆತರುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಆದರೆ ಸೇವೆ ಶಿಕ್ಷಣ ಸಂಸ್ಥೆಗೇ ಸಂದಿರಬೇಕು, ಆದ್ದರಿಂದ ಬಿಲ್ಲು ಯಾರ ಹೆಸರಿಗೆ ಇರಬೇಕೆಂದು ಕರಾರಿಗೆ ಮೊದಲೇ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ಗುತ್ತಿಗೆದಾರರಿಗೆ ಒಂದೇ ಬಾರಿ 30,000 ಅಥವಾ ವರ್ಷದಲ್ಲಿ 1,00,000 ರೂಪಾಯಿ ಮೀರಿ ಕೊಟ್ಟರೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕು. ‘ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರಿಗೆ ವಿನಾಯಿತಿ’ ಎಂದು ವಾಹನದವರು ಹೇಳುವುದುಂಟು. ಅದು ಸರಕು ಸಾಗಿಸುವ ಲಾರಿಗಳಿಗೆ, ಮಕ್ಕಳನ್ನು ಕರೆದೊಯ್ಯುವ ಗಾಡಿಗಲ್ಲ.

ಉತ್ತರ: ಹಿಂಜವಡಿ, ಪುಣೆ

ಮುಲುಂಡಿನ ಅಣ್ಣನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಾಡಿಗೆ ಹಣ ಹುಡುಕುವ ಮೊದಲು, ಪಾಠವೇ ಮಕ್ಕಳ ಬಳಿಗೆ ಬರಬಹುದೇ ಎಂದು ಕೇಳಿ ನೋಡಿ. ನಗರದಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ ಎಂಬುದು ಮಾನದಂಡ, ದೊಡ್ಡ ಕ್ಯಾಂಪಿನಲ್ಲಿ ಅಷ್ಟು ಜನ ಇರುತ್ತಾರೆ. ನಾವು ಕ್ಯಾಂಪಿನ ಜನರನ್ನು ಎಣಿಸಿದ ಪಟ್ಟಿಯನ್ನು ಅಂಗನವಾಡಿ ಮೇಲ್ವಿಚಾರಕಿಯವರಿಗೆ ಕೊಟ್ಟೆವು. ಬಿಲ್ಡರ್ ಬಳಿ ಹೋದಾಗ, ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂಬ, ಆಗ ಜಾರಿಯಲ್ಲಿದ್ದ 1996ರ ನಿರ್ಮಾಣ ಕಾರ್ಮಿಕರ ಕಾಯ್ದೆಯ 35ನೇ ಕಲಮನ್ನು ಮುಂದಿಟ್ಟೆವು. ಎರಡು ತಿಂಗಳು ಅಲೆದ ಮೇಲೆ ತಗಡಿನ ಒಂದು ಕೋಣೆ ಸಿಕ್ಕಿತು. ಪುಣೆಯಲ್ಲಿ ಬಸ್ಸಿನೊಳಗೇ ತರಗತಿ ನಡೆಸುವ ಡೋರ್ ಸ್ಟೆಪ್ ಸ್ಕೂಲ್, ಸೈಟುಗಳಲ್ಲೇ ಶಿಶುಪಾಲನೆ ಮಾಡುವ ತಾರಾ ಮೊಬೈಲ್ ಕ್ರೆಶಸ್ ಇವೆ, ಅವರ ಕೆಲಸವನ್ನು ಒಮ್ಮೆ ನೋಡಿ ಬನ್ನಿ.

ಹೆದ್ದಾರಿ ಇಲ್ಲದ, ಒಂದು ಕಿಲೋಮೀಟರ್ ಒಳಗಿನ ದಾರಿಯಾದರೆ ಗಾಡಿಯೇ ಬೇಡ. ನಮ್ಮಲ್ಲಿ ಇಬ್ಬರು ತಾಯಂದಿರು ಗೌರವಧನ ಪಡೆದು ಮಕ್ಕಳನ್ನು ಕೈಹಿಡಿದು ನಡೆಸಿಕೊಂಡು ಹೋಗುತ್ತಾರೆ. ಮಳೆಗಾಲಕ್ಕೆ ರೇನ್‌ಕೋಟುಗಳನ್ನು ಕೊಡಿಸಿದ್ದು ಬಿಟ್ಟರೆ ಬೇರೆ ಖರ್ಚು ಬಂದಿಲ್ಲ.

ಉತ್ತರ: ವಾಸ್ಕೋ, ಗೋವಾ

ಗೋವಾದಲ್ಲಿ ಸರ್ಕಾರವು ‘ಬಾಲರಥ’ ಯೋಜನೆಯಡಿ ಅನುದಾನಿತ ಶಾಲೆಗಳಿಗೆ ಬಸ್ಸು ಕೊಟ್ಟಿದೆ. ಬಸ್ಸು ಕೊಟ್ಟು ಸುಮ್ಮನಾಗದೆ ಡ್ರೈವರ್ ಮತ್ತು ಸಹಾಯಕರ ಸಂಬಳಕ್ಕೆ, ಇಂಧನಕ್ಕೆ, ದುರಸ್ತಿಗೆ ವಾರ್ಷಿಕ ಅನುದಾನವನ್ನೂ ಜೊತೆಗಿಟ್ಟಿದೆ. ಬಸ್ಸುಗಳು ಇಂದಿಗೂ ಓಡುತ್ತಿರುವುದು ಆ ಎರಡನೆಯ ಭಾಗದಿಂದಲೇ ಎಂದು ನನ್ನ ಅಭಿಪ್ರಾಯ. ನಿಮ್ಮ ದಾನಿಗಳಿಗೆ ಈ ಉದಾಹರಣೆ ಹೇಳಿ, ವ್ಯಾನಿನ ಬದಲು ಅದರ ಬೆಲೆಯನ್ನು ಎರಡು ವರ್ಷದ ಬಾಡಿಗೆಯಾಗಿ ಕೊಡಲು ಕೇಳಿಕೊಳ್ಳಿ. ನಾನು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಅನುದಾನದ ಕಂತು ತಡವಾಗಿ ಡ್ರೈವರ್‌ಗೆ ಮೂರು ತಿಂಗಳು ಸಂಬಳ ಸಿಗಲಿಲ್ಲ, ಅವರು ಬಿಟ್ಟು ಹೋದರು. ಮೂರು ತಿಂಗಳ ಖರ್ಚನ್ನು ಮೊದಲೇ ಪ್ರತ್ಯೇಕ ಖಾತೆಯಲ್ಲಿಟ್ಟು ನಂತರವೇ ಮೊದಲ ದಿನದ ಗಾಡಿ ಓಡಿಸಿ.

ಕೇಳಿದವರು: ವಾಘೋಲಿ, ಪುಣೆ

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ದಾನಿಗಳೊಡನೆ ಮಾತಾಡಿದೆ. ವ್ಯಾನಿನ ಬದಲು ಹಣ ಕೊಡುವ ಬಗ್ಗೆ ಯೋಚಿಸುವುದಾಗಿ ಹೇಳಿದ್ದಾರೆ. ಕ್ಯಾಂಪಿನ ಎಣಿಕೆಯನ್ನು ಈ ಭಾನುವಾರ ಮಾಡುತ್ತೇವೆ. ಒಂದು ಕೊನೆಯ ಪ್ರಶ್ನೆ: ತಂದೆತಾಯಿಗಳಿಂದ ಸ್ವಲ್ಪ ಹಣ ಪಡೆಯಬಹುದೇ?

ಉತ್ತರ: ಮುಲುಂಡ್, ಮುಂಬಯಿ

ಬೇಡ, ಅಕ್ಕನವರೇ. ನಾವು ದಿನಕ್ಕೆ ಐದು ರೂಪಾಯಿ ಇಟ್ಟು ನೋಡಿದೆವು. ಕೂಲಿ ಸಿಗದ ವಾರದಲ್ಲಿ ತಾಯಿ ನಾಚಿಕೆಪಟ್ಟು ಮಗುವನ್ನೇ ಕಳಿಸುತ್ತಿರಲಿಲ್ಲ. ಅದರ ಬದಲು ಗಾಡಿಯಲ್ಲಿ ಜೊತೆಗೆ ಹೋಗುವ ಸಹಾಯಕಿಯನ್ನು ಅದೇ ಕ್ಯಾಂಪಿನ ತಾಯಂದಿರಲ್ಲಿ ಒಬ್ಬರನ್ನೇ ನೇಮಿಸಿ. 8,000 ರೂಪಾಯಿ ಕ್ಯಾಂಪಿನಲ್ಲೇ ಉಳಿಯುತ್ತದೆ, ಯಾವ ಮಗು ಊರಿಗೆ ಹೋಗಿದೆ, ಯಾವುದಕ್ಕೆ ಜ್ವರ ಎಂಬುದು ಗಾಡಿ ಹೊರಡುವ ಮೊದಲೇ ತಿಳಿಯುತ್ತದೆ.