ನುಣ್ಣಗಿರುವ ಪುಡಿಯನ್ನು ಮತ್ತೆ ತರಿ ಮಾಡುವುದು ಯಾಕೆ?

ಪ್ರಶ್ನೆ (ನಾಪೋಕ್ಲಿನಿಂದ)

ಮೇಡಂ, ನಮ್ಮದು ಚಿಕ್ಕ ಕಾಫಿಪುಡಿ ಮಿಲ್. ಒಳ್ಳೆಮೆಣಸನ್ನೂ ಪುಡಿ ಮಾಡಿ ಕೊಡುತ್ತೇವೆ. ಮಗ ಬಿ.ಫಾರ್ಮ್ ಮುಗಿಸಿ ಎರಡು ತಿಂಗಳ ಹಿಂದೆ ಮಾತ್ರೆ ಕಂಪನಿ ಸೇರಿದ. ಗ್ರ್ಯಾನ್ಯುಲೇಷನ್ ವಿಭಾಗ. ಫೋನ್ ಮಾಡಿದಾಗೆಲ್ಲ "ಪುಡಿನ ತರಿ ಮಾಡೋದೇ ಕೆಲಸ ಅಪ್ಪಾ" ಅಂತಾನೆ. ನಾವಿಲ್ಲಿ ನುಣ್ಣಗೆ ಬರಲಿ ಅಂತ ಒದ್ದಾಡುತ್ತೇವೆ. ಅಲ್ಲಿ ನುಣ್ಣಗಿರುವುದನ್ನು ನೀರು ಹಾಕಿ ಕಲಸಿ, ಒಣಗಿಸಿ, ತರಿ ಮಾಡ್ತಾರಂತೆ. ಪುಡಿಯನ್ನೇ ನೇರವಾಗಿ ಒತ್ತಿದರೆ ಮಾತ್ರೆ ಆಗಲ್ವಾ?

ಉತ್ತರ

ಅಣ್ಣಾ, ಈ ವಿಭಾಗದಲ್ಲೇ 22 ವರ್ಷ ಕಳೆದಿದ್ದೇನೆ. ನನ್ನನ್ನು ಇಂಥ ಪ್ರಶ್ನೆ ಕೇಳಿದವರು ಕಡಿಮೆ. ತುಂಬಾ ಖುಷಿಯಾಯಿತು.

ಮನೆಯಲ್ಲಿ ಕಡಂಬುಟ್ಟಿಗೆ ಅಕ್ಕಿ ತರಿ ಇರುತ್ತದಲ್ಲ, ಅದನ್ನು ಒಂದು ಸೇರಿನಲ್ಲಿ ಅಳೆಯಿರಿ. ಸರಸರ ಅಂತ ಬೀಳುತ್ತದೆ. ಹತ್ತು ಸಲ ಅಳೆದರೂ ತೂಕ ಹೆಚ್ಚುಕಡಿಮೆ ಒಂದೇ. ಈಗ ಅದೇ ಸೇರಿನಲ್ಲಿ ನುಣ್ಣನೆ ಅಕ್ಕಿಹಿಟ್ಟು ಅಳೆಯಿರಿ. ಒಮ್ಮೆ ನಡುವೆ ಟೊಳ್ಳು ಉಳಿಯುತ್ತದೆ, ಒಮ್ಮೆ ಕುಟ್ಟಿದರೆ ಎರಡು ಬೆರಳು ಇಳಿಯುತ್ತದೆ. ಪ್ರತಿ ಸಲವೂ ತೂಕ ಬೇರೆ.

ಮಾತ್ರೆ ಒತ್ತುವ ಯಂತ್ರಕ್ಕೆ ತಕ್ಕಡಿ ಇಲ್ಲ. ಅದರ ಡೈ ಅಂದರೆ ಒಂದು ಪುಟ್ಟ ಸೇರು, ಅಷ್ಟೇ. ಅದು ತುಂಬಬೇಕು, ಮೇಲಿಂದ ಕೆಳಗಿಂದ ಪಂಚ್ ಅನ್ನುವ ಲೋಹದ ಅಚ್ಚುಕಡ್ಡಿ ಒತ್ತಬೇಕು. ದೊಡ್ಡ ಯಂತ್ರಗಳು ಗಂಟೆಗೆ ಲಕ್ಷಕ್ಕೂ ಜಾಸ್ತಿ ಮಾತ್ರೆ ಒತ್ತುತ್ತವೆ. ಪ್ರತಿ ಡೈ ತುಂಬಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಪುಡಿ ಹರಿದು ಬರದಿದ್ದರೆ ಒಂದು ಮಾತ್ರೆ ತೂಕ, ಇನ್ನೊಂದು ಹಗುರ. 20 ಮಾತ್ರೆ ತೂಗಿ ಸರಾಸರಿ ನೋಡುತ್ತಾರೆ. 250 ಮಿಲಿಗ್ರಾಂಗಿಂತ ದೊಡ್ಡ ಮಾತ್ರೆಯಾದರೆ ಸರಾಸರಿಯಿಂದ ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗಿರುವುದು ಎರಡಕ್ಕಿಂತ ಜಾಸ್ತಿ ಇರಬಾರದು. ಶೇ. 10 ದಾಟಿದ್ದು ಒಂದೂ ಇರಬಾರದು.

ನುಣ್ಣನೆ ಪುಡಿ ಹರಿಯದಿರುವುದಕ್ಕೂ ಕಾರಣ ಇದೆ. ಕಣದ ಅಡ್ಡಳತೆ ಅರ್ಧವಾದರೆ ತೂಕ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಕಣಕ್ಕೆ ಕಣ ಅಂಟುವ ಬಲ ಅಷ್ಟು ಇಳಿಯುವುದಿಲ್ಲ, ಸುಮಾರು ಅರ್ಧವಾಗುತ್ತದೆ ಅಷ್ಟೇ. ಹಾಗಾಗಿ ಒಂದು ಹಂತ ದಾಟಿದ ಮೇಲೆ ತೂಕಕ್ಕಿಂತ ಅಂಟೇ ಮೇಲುಗೈ. ನಿಮ್ಮ ಮಿಲ್ಲಿನಲ್ಲೇ ನೋಡಿ. ಕಾಫಿ ಬೀಜ ಸುರಿದರೆ ರಾಶಿ ಅಗಲಕ್ಕೆ ಹರಡುತ್ತದೆ, ನುಣ್ಣನೆ ಪುಡಿ ಗುಡ್ಡದ ಹಾಗೆ ಕಡಿದಾಗಿ ನಿಲ್ಲುತ್ತದೆ. ನಾವು ಆ ಇಳಿಜಾರಿನ ಕೋನವನ್ನೇ ಅಳೆಯುತ್ತೇವೆ. 30 ಡಿಗ್ರಿ ಒಳಗಿದ್ದರೆ ಒಳ್ಳೇ ಹರಿವು. 45 ದಾಟಿತು ಅಂದರೆ ತೊಂದರೆ ಖಾತ್ರಿ.

ಇನ್ನೊಂದು ಕಾರಣ, ನನ್ನ ಮಟ್ಟಿಗೆ ಇದೇ ದೊಡ್ಡದು. ಖಾರ ಅವಲಕ್ಕಿ ಡಬ್ಬಿಯನ್ನು ನಾಲ್ಕು ದಿನ ಜೀಪಿನಲ್ಲಿ ಓಡಾಡಿಸಿ. ಉಪ್ಪು ಖಾರ ಎಲ್ಲಾ ತಳದಲ್ಲಿ, ಕಡಲೆಬೀಜ ಮೇಲೆ, ಅಲ್ವಾ? 200 ಮಿಲಿಗ್ರಾಂ ಮಾತ್ರೆಯಲ್ಲಿ ಔಷಧ ಬರೀ 1 ಮಿಲಿಗ್ರಾಂ ಇದ್ದು, ಉಳಿದದ್ದು ಲ್ಯಾಕ್ಟೋಸ್, ಮೆಕ್ಕೆಜೋಳದ ಸ್ಟಾರ್ಚ್ ಆಗಿದ್ದರೆ ಯೋಚನೆ ಮಾಡಿ. ಯಂತ್ರದ ಅದುರಾಟಕ್ಕೆ ಅವು ಬೇರೆಬೇರೆಯಾದರೆ ಒಬ್ಬರಿಗೆ ಔಷಧ ಸಿಗಲ್ಲ, ಇನ್ನೊಬ್ಬರಿಗೆ ಎರಡು ಪಾಲು ಸಿಗುತ್ತದೆ. ತರಿ ಮಾಡಿದಾಗ ಪ್ರತಿ ಕಾಳಿನೊಳಗೂ ಎಲ್ಲವೂ ಒಟ್ಟಿಗೆ ಅಂಟಿಕೊಂಡು ಕೂರುತ್ತವೆ.

ಅಂಟಿಸಲು ಬಳಸುವುದು ಹೆಚ್ಚಾಗಿ ಪೊವಿಡೋನ್ ಅನ್ನುವ ಅಂಟು ಅಥವಾ ಸ್ಟಾರ್ಚ್ ಗಂಜಿ. ಹೌದು, ಗಂಜಿಯೇ! ಹದ ನೋಡಲು ಕಲಸುವ ಯಂತ್ರದ ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಆಂಪಿಯರ್ ಓದುತ್ತೇವೆ. ಆದರೆ ನನಗೆ ಕಲಿಸಿದ ಹಿರಿಯರು ಗ್ಲೌಸ್ ಹಾಕಿದ ಮುಷ್ಟಿಯಲ್ಲಿ ಒಂದು ಹಿಡಿ ಹಿಸುಕಿ ತೋರಿಸಿದ್ದರು. ಕೈ ಬಿಟ್ಟರೆ ಉಂಡೆ ನಿಲ್ಲಬೇಕು. ಹೆಬ್ಬೆರಳಿಂದ ಒತ್ತಿದರೆ ಎರಡು ಹೋಳಾಗಿ ಚೊಕ್ಕವಾಗಿ ಒಡೆಯಬೇಕು. ಪುಡಿಯಾಗಿ ಉದುರಿದರೆ ನೀರು ಸಾಲದು, ಬೆರಳಿಗೆ ಮೆತ್ತಿದರೆ ಜಾಸ್ತಿ. ಕೊಳವೆ ಪುಟ್ಟಿಗೆ ಹಿಟ್ಟು ಕಲಸುವವರಿಗೆ ಈ ಹದ ಗೊತ್ತು.

ಹಾಗಂತ ನುಣ್ಣಗೆ ಮಾಡಿದ್ದು ವ್ಯರ್ಥ ಅಂದುಕೊಳ್ಳಬೇಡಿ. ಕಣ ಸಣ್ಣದಾದಷ್ಟೂ ಹೊಟ್ಟೆಯಲ್ಲಿ ಬೇಗ ಕರಗುತ್ತದೆ. ಹುಳುಕಡ್ಡಿಗೆ ಕೊಡುವ ಗ್ರೈಸಿಯೋಫಲ್ವಿನ್ ಔಷಧವನ್ನು ತೀರಾ ನುಣ್ಣಗೆ ಮಾಡಿದ ಮೇಲೆ ಮೊದಲಿನ ಅರ್ಧ ಡೋಸೇ ಸಾಕಾಯಿತು. ಒತ್ತುವಾಗ ತರಿ ಬೇಕು, ಕರಗುವಾಗ ಪುಡಿ ಬೇಕು. ಹೊಟ್ಟೆಯಲ್ಲಿ ನೀರು ತಾಗಿದಾಗ ಸ್ಟಾರ್ಚ್ ಉಬ್ಬಿ ಮಾತ್ರೆ ಒಡೆಯುತ್ತದೆ, ಪುಡಿ ಮತ್ತೆ ಬಿಡಿಯಾಗುತ್ತದೆ.

ಕೆಲವು ಔಷಧಗಳನ್ನು ನೇರವಾಗಿಯೂ ಒತ್ತುತ್ತಾರೆ. ಪ್ಯಾರಾಸಿಟಮಾಲ್ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಸುಮ್ನೆ ಒತ್ತಿದರೆ ಮಾತ್ರೆಯ ತಲೆ ಟೋಪಿಯ ಹಾಗೆ ಕಳಚಿ ಬರುತ್ತದೆ.

ಪ್ರಶ್ನೆ (ಗೋಣಿಕೊಪ್ಪದ ಡಿ.ಫಾರ್ಮ್ ವಿದ್ಯಾರ್ಥಿನಿ)

ಅಕ್ಕಾ, ಮಾತ್ರೆ ಒತ್ತುವ ಮುಂಚೆ ತರಿಗೆ ಮೆಗ್ನೀಸಿಯಂ ಸ್ಟಿಯರೇಟನ್ನು ಕೊನೆಗೆ ಹಾಕಿ ಸ್ವಲ್ಪ ಹೊತ್ತು ಮಾತ್ರ ಬೆರೆಸಬೇಕು ಅಂತ ಓದಿದೆ. ಜಾಸ್ತಿ ಬೆರೆಸಿದಷ್ಟೂ ಒಳ್ಳೆಯದಲ್ವಾ?

ಉತ್ತರ

ಇಲ್ಲ ಕಣಮ್ಮಾ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸದ ಎರಡನೇ ವರ್ಷ, ಶಿಫ್ಟ್ ಬದಲಾಗುವ ಹೊತ್ತು. 3 ನಿಮಿಷಕ್ಕೆ ನಿಲ್ಲಿಸಬೇಕಿದ್ದ ಬ್ಲೆಂಡರ್ 20 ನಿಮಿಷ ತಿರುಗಿತು. ಪುಡಿ ನೋಡಲು ಚೆನ್ನಾಗಿಯೇ ಇತ್ತು. ಒತ್ತಿದ ಮಾತ್ರೆ ಮಾತ್ರ ಬೆರಳಲ್ಲಿ ಹಿಡಿದರೆ ಪುಸಕ್ ಅಂತ ಮುರಿಯಿತು. ಕರಗುವ ಪರೀಕ್ಷೆಯಲ್ಲೂ ಫೇಲ್. ಇಡೀ ಬ್ಯಾಚ್ ಹೋಯಿತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಮೆಗ್ನೀಸಿಯಂ ಸ್ಟಿಯರೇಟ್ ಸೋಪಿನ ಜಾತಿಯದು. ಪಂಚ್‌ಗೆ ಮಾತ್ರೆ ಅಂಟದಿರಲಿ ಅಂತ ಶೇ. 1ರ ಆಸುಪಾಸು ಹಾಕುತ್ತಾರೆ. ಹೆಚ್ಚು ತಿರುಗಿಸಿದರೆ ಪ್ರತಿ ಕಾಳಿಗೂ ಜಿಡ್ಡಿನ ಹೊದಿಕೆ ಕೂರುತ್ತದೆ. ಆಮೇಲೆ ಕಾಳಿಗೆ ಕಾಳು ಹಿಡಿಯುವುದಿಲ್ಲ, ನೀರೂ ಒಳಗೆ ಇಳಿಯುವುದಿಲ್ಲ.

ಪ್ರಶ್ನೆ (ಮಡಿಕೇರಿಯ ಮೆಡಿಕಲ್ ಶಾಪ್‌ನಿಂದ)

ಮಳೆಗಾಲದಲ್ಲಿ ಮಾತ್ರೆ ಮೆತ್ತಗಾಗಿದೆ, ಚುಕ್ಕೆ ಬಂದಿದೆ ಅಂತ ಜನ ವಾಪಸ್ ತರುತ್ತಾರೆ. ಕಂಪನಿಯ ತಪ್ಪೋ, ನಮ್ಮ ಊರಿನ ಹವೆಯೋ?

ಉತ್ತರ

ಸ್ಟ್ರಿಪ್ ಒಳಗೇ ಹಾಗಾಗಿದ್ದರೆ ಕಂಪನಿಗೆ ದೂರು ಕೊಡಲೇಬೇಕು, ಬ್ಯಾಚ್ ನಂಬರ್ ಸಮೇತ. ಆದರೆ ಹೆಚ್ಚಿನವರು ಬಿಡಿಸಿಟ್ಟ ಮಾತ್ರೆ ತಂದಿರುತ್ತಾರೆ. ಕೇಳಿ ನೋಡಿ.

ತರಿ ಒಣಗಿಸುವಾಗ ನಾವು ತೇವವನ್ನು ಲೆಕ್ಕ ಹಾಕಿ ಬಿಟ್ಟಿರುತ್ತೇವೆ. ಕಾಫಿ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ) ಶೇ. 10ಕ್ಕೆ ನಿಲ್ಲಿಸುವ ಹಾಗೆ ಇಲ್ಲಿ ಸಾಮಾನ್ಯವಾಗಿ ಶೇ. 1ರಿಂದ 3. ತೀರಾ ಒಣಗಿದರೆ ಮಾತ್ರೆಯ ತಲೆ ಕಳಚುತ್ತದೆ, ತೇವ ಉಳಿದರೆ ಪಂಚ್‌ಗೆ ಅಂಟುತ್ತದೆ. ನೀರಿಗೆ ಹಾಕಿದರೆ ಬುರುಗುವ ಮಾತ್ರೆಗಳನ್ನಂತೂ ಗಾಳಿಯ ತೇವ ಶೇ. 25ರ ಒಳಗಿರುವ ಕೋಣೆಯಲ್ಲೇ ಒತ್ತಬೇಕು. ಮಡಿಕೇರಿಯ ಜುಲೈ ಹವೆಯಲ್ಲಿ ಅದನ್ನು ಬಿಚ್ಚಿಟ್ಟರೆ ಏನಾದೀತು, ನೀವೇ ಹೇಳಿ.

ಜನರಿಗೆ ಇಷ್ಟು ಹೇಳಿ: ನುಂಗುವ ಹೊತ್ತಿಗೇ ಸ್ಟ್ರಿಪ್ ಬಿಡಿಸಲಿ. ಬಾಟಲಿಯೊಳಗಿನ ತೇವ ಹೀರುವ ಸಣ್ಣ ಪೊಟ್ಟಣ ಬಿಸಾಡದಿರಲಿ. ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡುವವರೂ ಇದ್ದಾರೆ, ಅದೂ ಬೇಡ. ಹೃದಯಕ್ಕೆಂದು ಆಸ್ಪಿರಿನ್ ತಗೊಳ್ಳುವವರ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ತೇವಕ್ಕೆ ಔಷಧ ಒಡೆದಿದೆ ಅಂತ ಅರ್ಥ. ಅದನ್ನು ನುಂಗಬಾರದು.

ಪ್ರಶ್ನೆ (ಮತ್ತೆ ನಾಪೋಕ್ಲಿನಿಂದ)

ಕೊನೆಯದಾಗಿ ಒಂದು. ಮಗನ ಅಮ್ಮನಿಗೆ ಕಂಪನಿಯ ಆ ಪುಡಿ ಧೂಳಿನದೇ ಚಿಂತೆ.

ಉತ್ತರ

ಚಿಂತೆ ನ್ಯಾಯವೇ ಅಣ್ಣಾ. ನುಣ್ಣನೆ ಪುಡಿ ಗಾಳಿಯಲ್ಲಿ ದಟ್ಟವಾಗಿ ತೇಲುವಾಗ ಒಂದು ಕಿಡಿ ಬಿದ್ದರೆ ಸ್ಫೋಟವೇ ಆಗುತ್ತದೆ. 2008ರಲ್ಲಿ ಅಮೆರಿಕದ ಜಾರ್ಜಿಯಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬರೀ ಸಕ್ಕರೆ ಧೂಳು ಸ್ಫೋಟಿಸಿ 14 ಜನ ತೀರಿಕೊಂಡರು. ಕಾಫಿಪುಡಿ ಪ್ಲಾಸ್ಟಿಕ್ ಕವರಿಗೆ ಅಂಟಿಕೊಳ್ಳುತ್ತದಲ್ಲ, ಹಾಗೆ ಅಂಟಿಸುವ ಸ್ಥಿರ ವಿದ್ಯುತ್ತೇ ತರಿ ಒಣಗಿಸುವ ಡ್ರೈಯರ್‌ನಲ್ಲಿ ಜಾಸ್ತಿಯಾದರೆ ಕಿಡಿ ಹಾರುತ್ತದೆ.

ಮಗನಿಗೆ ಎರಡು ಮಾತು ಹೇಳಿ. ಡ್ರೈಯರ್ ಶುರು ಮಾಡುವ ಮುಂಚೆ ಅರ್ಥಿಂಗ್ ಕ್ಲಿಪ್ ಹಾಕಿದ್ದನ್ನು ತಾನೇ ಮುಟ್ಟಿ ನೋಡಲಿ. ಹಾರ್ಮೋನ್ ಪುಡಿ ತೂಗುವ ದಿನ ಬಟ್ಟೆ ಮಾಸ್ಕ್ ಸಾಲದು, ಮುಖಕ್ಕೆ ಸರಿಯಾಗಿ ಕೂರುವ ರೆಸ್ಪಿರೇಟರ್ ಕೇಳಿ ಪಡೆಯಲಿ. ಕೇಳಲು ನಾಚಿಕೆ ಬೇಡ.

ನಿಮ್ಮ ಮಿಲ್ಲಿನಲ್ಲೂ ಮೋಟಾರಿನ ಮೇಲೆ ಕೂತ ಪುಡಿಗೆ ಗಾಳಿ ಹೊಡೆದು ಹಾರಿಸಬೇಡಿ. ಮೋಟಾರ್ ನಿಲ್ಲಿಸಿ, ಆರಿದ ಮೇಲೆ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.