ಮ್ಯಾಸಚೂಸೆಟ್ಸ್‌ನಲ್ಲಿ 1840ರ ಮನೆ: ತಗೊಳ್ಳಬಹುದಾ? ಅನುಭವ ಇದ್ದೋರು ಹೇಳಿ

ಕೇಳಿದವರು: ಬಾಸ್ಟನ್ನಿನ ಪಶ್ಚಿಮಕ್ಕೆ ಒಂದೂರಲ್ಲಿ 1840ರ ಸುಮಾರಿನ ಗ್ರೀಕ್ ರಿವೈವಲ್ (ಗ್ರೀಕ್ ದೇಗುಲದ ಶೈಲಿಯ) ಮನೆ ನೋಡಿದ್ದೇವೆ. ಊರಿನ ಐತಿಹಾಸಿಕ ವಲಯದೊಳಗಿದೆ, ನ್ಯಾಷನಲ್ ರಿಜಿಸ್ಟರ್ (ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿ) ಫಲಕವೂ ಇದೆ. ಕಿಟಕಿ ಬದಲಿಸಿ, ಗೋಡೆಗೆ ಚಳಿ ತಡೆಯೋ ಇನ್ಸುಲೇಷನ್ ತುಂಬಿಸುವ ಯೋಚನೆ. 3 ವರ್ಷದ ಮಗು ಇದೆ. ಏನು ಖರ್ಚು, ಏನು ತೊಂದರೆ?

ಡೀಡ್ ಓದಿ (ಇದು ಬರೆದವರ ಅಡ್ಡಹೆಸರು, ಕೆಳಗಿನವೂ ಹಾಗೇ): ಫಲಕಕ್ಕೆ ಹಲ್ಲಿಲ್ಲ. ರಿಜಿಸ್ಟರಿನಲ್ಲಿ ಹೆಸರಿದ್ದ ಮಾತ್ರಕ್ಕೆ ಸ್ವಂತ ದುಡ್ಡಿನ ಕೆಲಸ ನಿಲ್ಲಲ್ಲ. ಹಲ್ಲಿರೋದು ಊರಿನ ವಲಯಕ್ಕೆ, ರಾಜ್ಯ ಕಾನೂನಿನ 40ಸಿ ಅಧ್ಯಾಯ. ಬೀದಿಯಿಂದಲೋ ಪಾರ್ಕಿನಿಂದಲೋ ಕಾಣುವ ಹೊರಭಾಗ ಮುಟ್ಟಬೇಕಾದರೆ ಮೊದಲು ಆ ವಲಯದ ಆಯೋಗದ ಪ್ರಮಾಣಪತ್ರ ಬೇಕು. ಅರ್ಜಿ ಕೊಟ್ಟ 60 ದಿನದೊಳಗೆ ಅವರು ತೀರ್ಮಾನ ಹೇಳಬೇಕು. ಕೇಳದೆ ಮುಟ್ಟಿದರೆ 10ರಿಂದ 500 ಡಾಲರ್ ದಂಡ, ಪ್ರತಿ ದಿನವೂ ಬೇರೆ ಅಪರಾಧ ಅಂತ ಲೆಕ್ಕ. ಅಡುಗೆಮನೆ ಒಡೆದರೆ ಈ ಕಾನೂನು ಕೇಳಲ್ಲ.

ಎಲ್ಲಕ್ಕಿಂತ ಬಿಗಿಯಾದದ್ದು ಪ್ರಿಸರ್ವೇಷನ್ ರಿಸ್ಟ್ರಿಕ್ಷನ್, ಅಂದರೆ ಮನೆಯ ಹಳೇ ರೂಪ ಬದಲಿಸಲ್ಲ ಅನ್ನೋ ಬರಹದ ಒಪ್ಪಂದ. ಹಿಂದಿನ ಮಾಲೀಕರು ಯಾವುದೋ ಸಂಸ್ಥೆಗೆ ಬರೆದುಕೊಟ್ಟು, ಆಸ್ತಿ ನೋಂದಣಿ ಕಚೇರಿಯಾದ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ ದಾಖಲಾಗಿದ್ದರೆ ಮನೆ ಎಷ್ಟು ಕೈ ಬದಲಾದರೂ ಅದು ಬಿಡಲ್ಲ. ನಮ್ಮದರಲ್ಲಿ ಒಳಗಿನ ಮೆಟ್ಟಿಲು, ಬೆಂಕಿಗೂಡಿನ ಚೌಕಟ್ಟು, ಬಾಗಿಲ ಕೀಲುಗಳ ತನಕ ಮುಟ್ಟಬಾರದ ಪಟ್ಟಿಯಿದೆ. ಸಹಿ ಮಾಡುವ ಮುಂಚೆ ಆ ದಾಖಲೆಯ ಪೂರ್ತಿ ಪ್ರತಿ ತರಿಸಿ. ಅದರ ಸಾರಾಂಶ ಸಾಲಲ್ಲ.

ಆರುಗಾಜು: ಕಿಟಕಿ ಬದಲಿಸಬೇಡಿ! ಅದು ನಿಧಾನ ಬೆಳೆದ ಕಾಡಿನ ವೈಟ್ ಪೈನ್, ಆ ಗಟ್ಟಿ ಮರ ಇವತ್ತು ಅಂಗಡಿಯಲ್ಲಿ ಸಿಗಲ್ಲ. ನಮ್ಮ 14 ಕಿಟಕಿ ರಿಪೇರಿಗೆ ತಲಾ 1,150 ಡಾಲರ್, ಹೊರಗಿನ ಸ್ಟಾರ್ಮ್ ವಿಂಡೋಗೆ (ಗಾಳಿಮಳೆ ತಡೆಯೋ ಎರಡನೇ ಕಿಟಕಿ) ತಲಾ 420, ಒಟ್ಟು 21,980 ಆಯಿತು. ಕ್ರಮ ಹೀಗೆ. ಸ್ಯಾಶ್ (ಗಾಜು ಕೂರಿಸಿದ, ಏರಿಳಿಸೋ ಚೌಕಟ್ಟು) ಬಿಚ್ಚಿ, ಹಬೆ ಪೆಟ್ಟಿಗೆಯಲ್ಲಿಟ್ಟು ಗಾಜು ಹಿಡಿಯೋ ಹಳೇ ಪುಟ್ಟಿ ಮೆತ್ತಗೆ ಮಾಡಿ ತೆಗೆಯಬೇಕು. ಬಣ್ಣ ಸುಲಿಯೋ ಹೀಟ್ ಗನ್ 1,100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹಳೇ ಬಣ್ಣದ ಸೀಸ ಆವಿಯಾಗುತ್ತೆ, ಅದಕ್ಕೇ ನಿಷೇಧ. ಬರಿ ಮರಕ್ಕೆ ಲಿನ್‌ಸೀಡ್ ಎಣ್ಣೆ ಕುಡಿಸದಿದ್ದರೆ ಮರ ಪುಟ್ಟಿಯ ಎಣ್ಣೆ ಹೀರಿ ಅದು ಬಿರುಕು ಬಿಡುತ್ತೆ. ಪುಟ್ಟಿಗೆ ಮೇಲ್ಪೊರೆ ಕಟ್ಟಿದ ಮೇಲೆ ಬಣ್ಣ. ಆ ಬಣ್ಣ ಗಾಜಿನ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಹತ್ತಲೇಬೇಕು, ನೀರು ತಡೆಯೋದು ಆ ಗೆರೆಯೇ. ಸ್ಯಾಶನ್ನು ತೂಕದ ಗುಂಡಿಗೆ ಕಟ್ಟಲು ಕಾಲಿಂಚಿನ ಹತ್ತಿ ಹಗ್ಗ ಹಾಕಿ. ಮೇಲಿನ ಸ್ಯಾಶಿಗೆ ತೂಕದ ಗುಂಡು ಸ್ವಲ್ಪ ಹೆಚ್ಚಿರಲಿ, ಕೆಳಗಿನದಕ್ಕೆ ಸ್ವಲ್ಪ ಕಡಿಮೆ. ಆಗ ಎರಡೂ ಮುಚ್ಚಿದ ಜಾಗದಲ್ಲೇ ನಿಲ್ಲುತ್ತವೆ.

ಬೆಚ್ಚಗಿರಲಿ: ಒಂದು ಕಿಟಕಿಗೆ 1,570 ಡಾಲರ್ ಸುರಿದು ಅದನ್ನೇ ಸರಿ ಅಂತ ಸಾಧಿಸ್ತೀರಾ? ನಮ್ಮ ಊರಲ್ಲಿ ವಲಯ ಇಲ್ಲ. ಎರಡು ಪದರ ಗಾಜಿನ ವಿನೈಲ್ (ಪ್ಲಾಸ್ಟಿಕ್) ಕಿಟಕಿ ಹಾಕಿಸಿ 9 ಚಳಿಗಾಲ ಆಯಿತು, ಒಂದು ಹನಿ ಒಳಗೆ ಬಂದಿಲ್ಲ.

ಆರುಗಾಜು: ಅಂಚಿನ ಸೀಲ್ ಒಡೆದು ಗಾಜಿನ ನಡುವೆ ಮಂಜು ಕಟ್ಟಿದ ದಿನ ಇಡೀ ಗಾಜಿನ ಘಟಕವನ್ನೇ ಎಸೆಯಬೇಕು. ನಮ್ಮದರಲ್ಲಿ ಒಂದು ಗಾಜು ಒಡೆದರೆ ಒಂದೇ ಗಾಜು. ವಲಯದೊಳಗಿನವರಿಗೆ ವಿನೈಲ್ ಸಲಹೆ ಕೊಡೋದು ಅವರನ್ನು ದಂಡಕ್ಕೆ ತಳ್ಳಿದ ಹಾಗೆ.

ತೊಲೆ: ಕಿಟಕಿ ಜಗಳ ಆಮೇಲೆ. ಮೊದಲು ನೆಲಮಾಳಿಗೆಗಿಳಿದು, ಅಡಿಪಾಯದ ಮೇಲೆ ಕೂತ ಸಿಲ್ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚಿಗಿಂತ ಒಳಗೆ ಹೋದರೆ ಕೊಳೆತಿದೆ. ಹೊರಗೆ ಹೂವಿನ ಪಾತಿಯ ಮಣ್ಣು ಏರಿ ಮರಕ್ಕೆ ತಾಗಿರುತ್ತೆ, ಅದೇ ಕಾರಣ. ನಮ್ಮದು 8 ಇಂಚು ಚೌಕದ ಓಕ್, 22 ಅಡಿ ಹೋಗಿತ್ತು. ಬದಲಿಸಲು ಮನೆಯನ್ನೇ ಎತ್ತಬೇಕಾಯಿತು: 20 ಟನ್ ಜಾಕ್ ನಾಲ್ಕು, ದಿನಕ್ಕೆ ಇಂಚಿನ ಎಂಟನೇ ಒಂದು ಭಾಗ ಮಾತ್ರ ಎತ್ತಿದ್ದು. ಅವಸರಪಟ್ಟ ಒಂದೇ ದಿನಕ್ಕೆ ಮೇಲಿನ ಎರಡು ಕೋಣೆಯ ಪ್ಲಾಸ್ಟರ್ ಮೂಲೆಯಿಂದ ಮೂಲೆಗೆ ಸೀಳಿತು. 31,400 ಡಾಲರ್, ಪ್ಲಾಸ್ಟರ್ ಬೇರೆ.

ಇನ್ಸುಲೇಷನ್ ಬಗ್ಗೆಯೂ ಹೇಳ್ತೀನಿ. ಗೋಡೆಯೊಳಗೆ ಹಳೇ ನಾಬ್ ಅಂಡ್ ಟ್ಯೂಬ್ (ಪಿಂಗಾಣಿ ಗುಬುಟು, ಕೊಳವೆಗಳಲ್ಲಿ ಎಳೆದ) ವಿದ್ಯುತ್ ತಂತಿ ಇದ್ದರೆ ಸೆಲ್ಯುಲೋಸ್ (ಕಾಗದದ ನಾರು) ತುಂಬಲೇಬಾರದು. ಆ ತಂತಿ ತಣ್ಣಗಾಗೋದು ಸುತ್ತಲಿನ ಗಾಳಿಯಿಂದ. ಮೊದಲು ಅಟ್ಟದ ಸಂದುಗಳನ್ನು ಮುಚ್ಚಿ, ಶಾಖ ಹೆಚ್ಚು ಸೋರೋದು ಅಲ್ಲಿ. ಹೊರಗಿನ ಕ್ಲ್ಯಾಪ್‌ಬೋರ್ಡಿನ (ಒಂದರ ಮೇಲೊಂದು ಹೊದಿಸಿದ ಗೋಡೆ ಹಲಗೆಯ) ಕೆಳ ಅಂಚಿಗೆ ಕಾಕ್ (ಸಂದು ಮುಚ್ಚುವ ಅಂಟು) ಬಳಿಯೋ ಪೇಂಟರನ್ನು ತಡೆಯಿರಿ. ಗೋಡೆಯ ತೇವ ಹೊರಗೆ ಹೋಗೋ ದಾರಿ ಅದು, ಮುಚ್ಚಿದರೆ ಬಣ್ಣ ಹಾಳೆ ಹಾಳೆಯಾಗಿ ಏಳುತ್ತೆ.

ಗಾರೆ: ಚಿಮಣಿ ಯಾರೂ ಹೇಳಲಿಲ್ಲ. 1840ರ ಇಟ್ಟಿಗೆ ಮೆದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ನಮ್ಮ ಚಿಮಣಿಗೆ ಹಿಂದಿನವರು ಪೋರ್ಟ್‌ಲ್ಯಾಂಡ್ ಸಿಮೆಂಟ್ ತುಂಬಿದ್ದರು. ಗಾರೆ ಇಟ್ಟಿಗೆಗಿಂತ ಗಟ್ಟಿಯಾದರೆ ತೇವಕ್ಕೆ ಇಟ್ಟಿಗೆಯೇ ದಾರಿ, ಆ ತೇವ ಹೆಪ್ಪುಗಟ್ಟಿದಾಗ ಇಟ್ಟಿಗೆಯ ಮುಖ ಸಿಪ್ಪೆ ಸುಲಿದ ಹಾಗೆ ಉದುರುತ್ತೆ. 640 ಇಟ್ಟಿಗೆ ಬದಲಿಸಬೇಕಾಯಿತು. ಹೊಸ ಗಾರೆಗೆ ಸುಣ್ಣದ ಪುಟ್ಟಿ (ನೀರಲ್ಲಿ ಅರಳಿದ ಸುಣ್ಣದ ಮುದ್ದೆ) 1 ಪಾಲು, ಮರಳು 3 ಪಾಲು. ಸಂದಿನ ಅಗಲದ ಎರಡೂವರೆ ಪಟ್ಟು ಆಳಕ್ಕೆ ಹಳೇ ಗಾರೆ ಕೆರೆಯಬೇಕು, ಕೈ ಉಳಿಯಲ್ಲಿ. ಗ್ರೈಂಡರ್ ಇಟ್ಟಿಗೆಯ ಅಂಚು ತಿನ್ನುತ್ತೆ. 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಕೆಲಸ ಬೇಡ. ಮುಗಿದ ಮೇಲೆ ಒದ್ದೆ ಗೋಣಿ ಹೊದಿಸಿ.

ಮುಖಮಂಟಪ: ಇಷ್ಟು ಹೆದರಿಸ್ತೀರಲ್ಲ, ದುರಸ್ತಿ ಖರ್ಚಿನ 20% ತೆರಿಗೆಯಲ್ಲಿ ಕಳೆಯುವ ಟ್ಯಾಕ್ಸ್ ಕ್ರೆಡಿಟ್ ಇದೆ ಅಂತ ಯಾಕೆ ಹೇಳಲ್ಲ?

ಡೀಡ್ ಓದಿ: ತಪ್ಪು ಮಾಹಿತಿ ಹರಡಬೇಡಿ. ಫೆಡರಲ್ 20% ಆದಾಯ ತರುವ ಕಟ್ಟಡಕ್ಕೆ ಮಾತ್ರ, ಅದೂ 5 ವರ್ಷಕ್ಕೆ ಹಂಚಿ. ರಾಜ್ಯದ್ದೂ ಹಾಗೇ. ತಾವೇ ವಾಸಿಸುವವರಿಗೆ ಎರಡರಲ್ಲೂ ಏನೂ ಇಲ್ಲ.

ಮುಖಮಂಟಪ: ಸರಿ, ನನ್ನದು ಬಾಡಿಗೆ ಮನೆ, ಅದಕ್ಕೇ ಸಿಕ್ಕಿದ್ದು. ಆದರೆ ಅಲ್ಲೂ ಕಷ್ಟಪಟ್ಟೆವು. 1890ರ ಮುಖಮಂಟಪ ಕಿತ್ತು 1840ರ ರೂಪಕ್ಕೆ ತರ್ತೀವಿ ಅಂದರೆ ಕ್ರೆಡಿಟ್ ಅರ್ಜಿ ನೋಡುವವರು ಒಪ್ಪಲಿಲ್ಲ. ಆಮೇಲೆ ಸೇರಿದ್ದಕ್ಕೂ ಮಹತ್ವ ಬಂದಿದ್ದರೆ ಉಳಿಸಬೇಕಂತೆ. ಮೂಲಕ್ಕೆ ಮರಳೋದು ತಪ್ಪಾ?

ಆರುಗಾಜು: ತಪ್ಪು. ಬಾಸ್ಟನ್ನಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಪಾಲ್ ರೆವೆರ್ ಮನೆ ನೋಡಿ. ಕಟ್ಟಿದ್ದು 1680ರ ಸುಮಾರು, ರೆವೆರ್ ಕೊಂಡದ್ದು 1770ರಲ್ಲಿ, ಆಗ ಅದಕ್ಕೆ ಮೂರು ಅಂತಸ್ತು. 1907–08ರಲ್ಲಿ ದುರಸ್ತಿ ಮಾಡಿದವರು 1700ರ ರೂಪ ಬೇಕೆಂದು ಮುಂದಿನ ಮೂರನೇ ಅಂತಸ್ತು ತೆಗೆದರು. ಯಾರ ಹೆಸರಿಗೆ ಉಳಿಸಿದರೋ ಅವರು ಬಾಳಿದ ಮನೆಯೇ ಹೋಯಿತು.

ಮುಖಮಂಟಪ: ಅವರು ಉಳಿಸದಿದ್ದರೆ ಅಷ್ಟೂ ಇರ್ತಿರಲಿಲ್ಲ! ಬಾಸ್ಟನ್ನಿನ ಬೀಕನ್ ಹಿಲ್‌ನ ಜಾನ್ ಹ್ಯಾನ್‌ಕಾಕ್ (ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು) ಬಂಗಲೆಯನ್ನು 1863ರಲ್ಲಿ ಕೆಡವಿದರು, ಅದಕ್ಕೆ ಏನಂತೀರಿ?

ತೊಲೆ: ಇಬ್ಬರೂ ಡೆಡ್‌ಹ್ಯಾಮ್‌ನ ಫೇರ್‌ಬ್ಯಾಂಕ್ಸ್ ಮನೆಗೆ ಹೋಗಿ. ತೊಲೆಗಳ ವಾರ್ಷಿಕ ಉಂಗುರ ಎಣಿಸಿ 1637–41ರ ಮನೆ ಅಂತ ಖಚಿತ ಮಾಡಿದ್ದಾರೆ. ಆಮೇಲೆ ಸೇರಿಸಿದ ಕೋಣೆಗಳು, ಸೊಟ್ಟಗಾದ ಚಾವಣಿ, ಎಲ್ಲ ಹಾಗೇ ಇವೆ.

ಕೇಳಿದವರು: ಮಗುವಿಗೆ ಸೀಸದ ಬಣ್ಣದಿಂದ ಏನಾಗುತ್ತೆ ಅಂತ ಒಬ್ಬರೂ ಹೇಳಲಿಲ್ಲವಲ್ಲ.

ಗಾರೆ: ಕ್ಷಮಿಸಿ, ಮೊದಲು ಹೇಳಬೇಕಿದ್ದ ಮಾತು. ಸೀಸ ಮಗುವಿನ ಮೆದುಳಿಗೆ ಹತ್ತುತ್ತೆ, ಆದ ಹಾನಿ ಮರಳಿ ಸರಿಯಾಗಲ್ಲ. 1978ಕ್ಕೆ ಮುಂಚಿನ ಮನೆ, 6 ವರ್ಷದೊಳಗಿನ ಮಗು ಇದ್ದರೆ ಸೀಸದ ಅಪಾಯ ತೆಗೆಸೋದು ಈ ರಾಜ್ಯದಲ್ಲಿ ಮಾಲೀಕನ ಮೇಲಿನ ಕಾನೂನು. ಕೊಳ್ಳುವ ಮುಂಚೆಯೇ ಲೈಸೆನ್ಸ್ ಇರುವ ಇನ್‌ಸ್ಪೆಕ್ಟರರಿಂದ ತಪಾಸಣೆ ಮಾಡಿಸಿ. ಅತಿ ಕೆಟ್ಟ ಜಾಗ ಕಿಟಕಿ, ಏರಿಳಿಸಿದ ಪ್ರತಿ ಸಲ ಸ್ಯಾಶ್ ಉಜ್ಜಿ ಬಣ್ಣದ ಪುಡಿ ಕಿಟಕಿಯ ಕೆಳಪಟ್ಟಿಗೆ ಬೀಳುತ್ತೆ, ಮಗುವಿನ ಕೈ ನೇರ ಅಲ್ಲಿಗೆ. ಸ್ಯಾಶನ್ನು ರಾಸಾಯನಿಕ ತೊಟ್ಟಿಯಲ್ಲಿ ಅದ್ದಿಸಬೇಡಿ, ಕೀಲುಗಳು ಸಡಿಲವಾಗುತ್ತವೆ. ಉಜ್ಜುವ ಅಂಚುಗಳನ್ನು ಬರಿ ಮರದ ತನಕ ಕೆರೆಸಿ. ಆ ದಿನಗಳಲ್ಲಿ ಮಗು ಮನೆಯಲ್ಲಿರಬಾರದು. ಲೈಸೆನ್ಸ್ ಇರುವ ಡೀಲೆಡರ್ (ಸೀಸ ತೆಗೆಯುವವರು) ಕೆಲಸ ಮುಗಿಸಿ, ಧೂಳಿನ ಪರೀಕ್ಷೆ ಪಾಸಾಗಿ, ಕಾನೂನು ಪಾಲಿಸಿದ್ದಕ್ಕೆ ಕೊಡೋ ಕಂಪ್ಲಯನ್ಸ್ ಪತ್ರ ಕೈಗೆ ಬಂದ ಮೇಲೆ ವಾಪಸ್ ಕರೆತನ್ನಿ.