ಅಡಿಕೆ ಮಂಡಿಗೆ ನೆಟ್‌ವರ್ಕ್: ವೈಫೈ ಒಂದೇ ಸಾಕಾ?

ಸಾಗರದಿಂದ ಪ್ರಶ್ನೆ: ನಮ್ಮದೊಂದು ಸಣ್ಣ ಅಡಿಕೆ ಮಂಡಿ. ಮುಂದೆ ಆಫೀಸು, ಅಲ್ಲಿ ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್. ಹಿಂದೆ ಸುಮಾರು 130 ಮೀಟರ್ ದೂರದಲ್ಲಿ ಗೋದಾಮು. ತೂಕ ಬರೆಯುವ ಕಂಪ್ಯೂಟರ್ ಅಲ್ಲಿದೆ. ಈಗ ಲೆಕ್ಕವೆಲ್ಲ ಪೆನ್‌ಡ್ರೈವ್‌ನಲ್ಲಿ ಓಡಾಡುತ್ತಿದೆ. ಒಂದು ದೊಡ್ಡ ವೈಫೈ ಹಾಕಿಸಿದರೆ ಸಾಕಾ? ಮಾಡಿಸಿದವರು ಹೇಳಿ.

ತೀರ್ಥಹಳ್ಳಿಯಿಂದ: ಸಾಲದು ಮಾರಾಯ್ರೆ. ನಮ್ಮದು ಜಂಬಿಟ್ಟಿಗೆ ಕಟ್ಟಡ. ರೂಟರ್ ಇಟ್ಟ ಕೋಣೆಯಲ್ಲಿ ವೈಫೈ ಜೋರು, ಎರಡು ಗೋಡೆ ದಾಟಿದರೆ ಸತ್ತೇ ಹೋಗುತ್ತಿತ್ತು. ವೈಫೈನ 5 ಗಿಗಾಹರ್ಟ್ಸ್ ತರಂಗ ಅಂತೂ ಮೊದಲ ಗೋಡೆಗೇ ಸುಸ್ತು. ಕೊನೆಗೆ ಜಾಗ ಬಿಟ್ಟು ಕದಲದ ಸಾಮಾನಿಗೆಲ್ಲ ವೈರು, ಮೊಬೈಲಿಗೆ ಮಾತ್ರ ವೈಫೈ ಅಂತ ಮಾಡಿದೆವು. ಒಂದು ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ (ಕಂಪ್ಯೂಟರ್‌ಗಳನ್ನು ವೈರಿನಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ತಂದು ಎಲ್ಲ ಕಂಪ್ಯೂಟರ್ ಅದಕ್ಕೆ ಸಿಕ್ಕಿಸಿದೆವು, ಸ್ವಿಚ್‌ನಿಂದ ಒಂದು ವೈರು ರೂಟರ್‌ಗೆ. ರೂಟರ್ ಬೇಕಾದದ್ದು ಹೊರಗಿನ ಇಂಟರ್ನೆಟ್‌ಗೆ. ಒಳಗಿನವು ತಮ್ಮತಮ್ಮಲ್ಲೇ ಸ್ವಿಚ್ ಮೂಲಕ ಮಾತಾಡಿಕೊಳ್ಳುತ್ತವೆ. ಮರ ಬಿದ್ದು ಎರಡು ದಿನ ಇಂಟರ್ನೆಟ್ ಇಲ್ಲದಾಗಲೂ ನಮ್ಮ ಬಿಲ್ಲು ನಿಲ್ಲಲಿಲ್ಲ. ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಬಳಸುವುದಾದರೆ ಇನ್ನೊಂದು ಮಾತು: ಸಿಲ್ವರ್ ಲೈಸೆನ್ಸ್ ಒಬ್ಬರಿಗೆ ಮಾತ್ರ. ನಾಲ್ಕು ಜನ ಒಟ್ಟಿಗೆ ಕೂರಬೇಕಾದರೆ ಗೋಲ್ಡ್ ಬೇಕು.

ಹೊಸನಗರದಿಂದ: ಗೋದಾಮಿಗೆ ತಾಮ್ರದ ವೈರು ಎಳೆಯಲೇಬೇಡಿ. ನಾನು ಎಳೆದು ಕೆಟ್ಟೆ. ಮನೆಯಿಂದ ಕೊಟ್ಟಿಗೆ ಪಕ್ಕದ ಆಫೀಸಿಗೆ ಕ್ಯಾಟ್ 6 ಅನ್ನುವ ತಾಮ್ರದ ನೆಟ್‌ವರ್ಕ್ ಕೇಬಲ್ ಹಾಕಿಸಿದ್ದೆ, ಮರದಿಂದ ಮರಕ್ಕೆ ಕಟ್ಟಿ. ಭರಣಿ ಮಳೆಯ ಒಂದು ಸಂಜೆ ಸಿಡಿಲು ಬಡಿಯಿತು. ನಮ್ಮ ಮನೆಗಲ್ಲ, ಆಚೆ ಗದ್ದೆ ದಾಟಿ ತೆಂಗಿನ ಮರಕ್ಕೆ. ಆದರೂ ಎರಡೂ ಕಡೆಯ ಸ್ವಿಚ್ ಸುಟ್ಟವು, ಕಂಪ್ಯೂಟರ್‌ನ ನೆಟ್‌ವರ್ಕ್ ಪೋರ್ಟೂ ಹೋಯಿತು. ಯುಪಿಎಸ್ ಇತ್ತಲ್ಲ ಅಂತ ಎಲ್ಲರೂ ಕೇಳಿದರು. ಯುಪಿಎಸ್ ಕಾಯುವುದು ಕರೆಂಟಿನ ದಾರಿಯನ್ನು. ಇದು ಬಂದದ್ದು ನೆಟ್‌ವರ್ಕ್ ವೈರಿನಲ್ಲಿ! ಈಗ ನಡುವೆ ಫೈಬರ್ ಇದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೇಬಲ್ ಒಳಗೆ ಉಕ್ಕಿನ ತಂತಿ ಇಲ್ಲದ್ದನ್ನೇ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಮತ್ತೆ ಅದೇ ಕತೆ.

ಶಿವಮೊಗ್ಗದಿಂದ, ಇದೇ ಕೆಲಸ ಮಾಡುವವನು: ಸಿಡಿಲು ಬಿಡಿ, ನಿಮ್ಮ ದೂರಕ್ಕೂ ಫೈಬರೇ ಬೇಕು. ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿ. ಅದರಾಚೆ ನಡೆದರೆ ನಡೆಯಿತು, ಇಲ್ಲವಾದರೆ ಇಲ್ಲ. ಸಿಂಗಲ್ ಮೋಡ್ ಅನ್ನುವ ಬಗೆಯ ಫೈಬರ್, ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾದಾ ನೆಟ್‌ವರ್ಕ್ ವೈರಿಗೆ ಜೋಡಿಸುವ ಡಬ್ಬಿ), ಅಷ್ಟೆ. ಆಫೀಸಿನ ಒಳಗೆ ಕ್ಯಾಟ್ 6 ಹಾಕಿ. ಅಗ್ಗಕ್ಕೆ ಸಿಗುವುದರಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಇರುತ್ತದೆ, ತುದಿ ಕೆರೆದು ನೋಡಿದರೆ ಬೆಳ್ಳಗೆ ಕಾಣುತ್ತದೆ. ಅದು ಬೇಡ.

ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಒಂದೇ ದೂರು: ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರ್ ಸಿಗುತ್ತಿಲ್ಲ. ರೂಟರ್ ಪ್ರತಿಯೊಂದಕ್ಕೂ 192.168 ಅಂತ ಶುರುವಾಗುವ ವಿಳಾಸ ಹಂಚುತ್ತದೆ, ಕರೆಂಟ್ ಹೋಗಿ ಬಂದಾಗ ಅದು ಬದಲಾಗಬಹುದು. ಕಂಪ್ಯೂಟರ್ ಮಾತ್ರ ಹಳೇ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ ಪ್ರಿಂಟರ್‌ಗೂ ಲೆಕ್ಕದ ಮುಖ್ಯ ಕಂಪ್ಯೂಟರ್‌ಗೂ ಒಂದೊಂದು ವಿಳಾಸ ಕಾದಿರಿಸಿ. ಅಡಿಕೆ ತಂದ ರೈತರಿಗೆ ವೈಫೈ ಕೊಡುವುದಿದ್ದರೆ ನಿಮ್ಮ ಕಂಪ್ಯೂಟರ್‌ಗಳಿಗೆ ತಾಗದ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ ಕೊಡಿ.

ಇನ್ನೊಂದು. ಒಂದು ಅಂಗಡಿಯಲ್ಲಿ ಇಡೀ ನೆಟ್‌ವರ್ಕ್ ಕೂತು ಹೋಗಿತ್ತು. ನೋಡಿದರೆ, ಗುಡಿಸುವಾಗ ಯಾರೋ ನೆಲದಲ್ಲಿ ಬಿದ್ದ ವೈರಿನ ಎರಡು ತುದಿಯನ್ನೂ ಸುಮ್ನೆ ಅದೇ ಸ್ವಿಚ್‌ಗೆ ಚುಚ್ಚಿದ್ದರು! ಸಾದಾ ಸ್ವಿಚ್ ಅದನ್ನು ತಡೆಯುವುದಿಲ್ಲ, ಮಾಹಿತಿ ಅಲ್ಲೇ ಸುತ್ತಿ ಸುತ್ತಿ ಸ್ವಿಚ್‌ಗೆ ಉಸಿರುಗಟ್ಟುತ್ತದೆ. ವೈರಿನ ಎರಡೂ ತುದಿಗೆ ಚೀಟಿ ಅಂಟಿಸಿ.

ಸಾಗರದಿಂದ ಮತ್ತೆ: ಉಪಕಾರ ಆಯ್ತು. ಫೈಬರ್ ಬೆಸೆಯುವವರು ಇಲ್ಲಿ ಸಿಗ್ತಾರಾ?

ಹೊಸನಗರದಿಂದ: ನಿಮ್ಮ ಊರಿಗೆ ಫೈಬರ್ ಇಂಟರ್ನೆಟ್ ಕೊಡುವ ಕೇಬಲ್‌ನವರನ್ನೇ ಕೇಳಿ, ಮೆಷಿನ್ ಅವರ ಹತ್ತಿರವೇ ಇರುತ್ತದೆ. ನಮ್ಮಲ್ಲೂ ಅವರೇ ಬಂದು ಮಾಡಿಕೊಟ್ಟದ್ದು. ಕೇಬಲನ್ನು ತೋಟಕ್ಕೆ ನೀರು ಹಾಯಿಸುವ ಕಪ್ಪು ಪೈಪಿನ ಒಳಗೆ ಹಾಕಿ ಹೂಳಿ. ಮಳೆಗಾಲದ ಮೊದಲೇ ಅಗೆಸಿ, ಆಮೇಲೆ ಆಳೂ ಸಿಗುವುದಿಲ್ಲ, ಮಣ್ಣೂ ನಿಲ್ಲುವುದಿಲ್ಲ.